ಖಾಲಿ ಲಾರಿಯ ತೂಕ

ಸಾಮಾನು ಸಾಗಿಸುವ ಕಂಪನಿಯನ್ನು ಆರಿಸಿದ್ದು ಮಾವ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಆ ಮನೆಯಲ್ಲಿ ಈ ಮಾತನ್ನು ದಿನಕ್ಕೆ ಹತ್ತು ಸಲ ಆಡಿದರು, ಆಡಿದಷ್ಟೂ ಯಾರ ಹೊಟ್ಟೆಯೂ ತಣ್ಣಗಾಗಲಿಲ್ಲ.

ಮಾವ ನಿವೃತ್ತರಾಗುವವರೆಗೆ ವೇಬ್ರಿಡ್ಜ್‌ನಲ್ಲಿ ತೂಕದ ಗುಮಾಸ್ತರಾಗಿದ್ದವರು. ಲಾರಿಯನ್ನು ಇಡಿಯಾಗಿ ಕಬ್ಬಿಣದ ಹಾಸಿನ ಮೇಲೆ ನಿಲ್ಲಿಸಿ ತೂಗುವ ಜಾಗ ಅದು. ಬೀದಿಯಲ್ಲಿ ಅವರಿಗೆ ತೂಕದ ಯಜಮಾನರು ಎಂದೇ ಹೆಸರು. ಮನೆಗೆ ಬಂದ ತರಕಾರಿಯನ್ನು ಅಂಗೈಯಲ್ಲಿ ಎತ್ತಿ ನೋಡಿ, “ಐವತ್ತು ಗ್ರಾಂ ಕಮ್ಮಿ” ಎಂದು ವಾಪಸು ಕಳಿಸುತ್ತಿದ್ದರು. ವಾಪಸು ಹೋಗುವವಳು ಸೊಸೆ, ಅಂಗಡಿಯವನ ಬಾಯಿಗೆ ಬೀಳುವವಳೂ ಸೊಸೆ.

ಸೊಸೆಗೆ ಬೇರೆ ಕಂಪನಿ ಮನಸ್ಸಿನಲ್ಲಿತ್ತು. ಅವರದು ಇಡೀ ಮನೆಯ ಸಾಮಾನಿಗೆ ಇಷ್ಟು ಎಂದು ಒಂದೇ ಮಾತು. ಮಾವ ಹುಡುಕಿ ತಂದವರು ತೂಕದ ಮೇಲೆ ಬಾಡಿಗೆ ಹಾಕುವವರು.

“ಒಂದೇ ರೇಟು ಅನ್ನೋನು ಮೋಸಾನ ಮೊದಲೇ ಸೇರಿಸಿ ಹೇಳಿರ್ತಾನೆ,” ಎಂದರು ಮಾವ. “ತೂಕದಲ್ಲಿ ಹಾಗಾಗಲ್ಲ. ಮುಳ್ಳು ಸುಳ್ಳು ಹೇಳಲ್ಲ.”

“ಮುಳ್ಳು ಹೇಳಲ್ಲ ಮಾವ. ಮುಳ್ಳು ನೋಡೋರು ಹೇಳಬಹುದಲ್ಲ.”

“ಮೂವತ್ಮೂರು ವರ್ಷ ನೋಡಿದೋನು ನಾನು. ನನ್ನೆದುರಿಗೆ ಯಾವನು ಹೇಳ್ತಾನೆ?”

“ಅವರು ಹೇಳಿದ ಮೇಲೆ ಮುಗೀತು,” ಎಂದರು ಅತ್ತೆ. ಆ ಮನೆಯಲ್ಲಿ ನಲವತ್ತು ವರ್ಷದಿಂದ ಎಲ್ಲ ಮಾತೂ ಹಾಗೆಯೇ ಮುಗಿಯುತ್ತಿತ್ತು.

ಊರು ಬಿಡುತ್ತಿದ್ದುದು ಸೊಸೆಯ ಕೆಲಸಕ್ಕಾಗಿ. ಮಗ ದುಡಿಯುತ್ತಿದ್ದ ಲೇತ್ ಕಾರ್ಖಾನೆ ಮುಚ್ಚಿ ಎಂಟು ತಿಂಗಳಾಗಿತ್ತು. ಸೊಸೆ ಸಮವಸ್ತ್ರ ಹೊಲಿಯುವವಳು. ಎರಡು ಹಗಲು ಪ್ರಯಾಣದಷ್ಟು ದೂರದ ಊರಿನ ದೊಡ್ಡ ಆಸ್ಪತ್ರೆಯೊಂದು ತನ್ನ ನೌಕರರ ಬಟ್ಟೆಗೆ ಅವಳನ್ನು ಗೊತ್ತುಮಾಡಿತ್ತು. ಮೊದಲ ಕಂತು ನೂರಿಪ್ಪತ್ತು ಜೊತೆ, ನಲವತ್ತೈದು ದಿನ ಗಡುವು. ಹೇಳಿದ ದಿನಕ್ಕೆ ಒಪ್ಪಿಸಿದರೆ ಮೂರು ವರ್ಷದ ಕೆಲಸ. ತಪ್ಪಿದರೆ ಪಟ್ಟಿಯಲ್ಲಿ ಮುಂದಿನವರಿಗೆ. ಮನೆಯಲ್ಲಿ ಐದು ಹೊಟ್ಟೆ, ದುಡಿಯುವವು ಅವಳ ಎರಡು ಕೈ. ಆ ಕೈಗಳಿಗೆ ಮೂರು ಮಷೀನು: ಎರಡು ಹೊಲಿಗೆಯವು, ಇನ್ನೊಂದು ಬಟ್ಟೆಯ ಅಂಚು ಎಳೆ ಬಿಚ್ಚದ ಹಾಗೆ ದಾರ ಸುತ್ತುವ ಓವರ್‌ಲಾಕ್. ಓವರ್‌ಲಾಕ್ ಇಲ್ಲದ ಬಟ್ಟೆಯನ್ನು ಆಸ್ಪತ್ರೆಯವರು ಮುಟ್ಟಿಯೂ ನೋಡುವುದಿಲ್ಲ.

ತೂಕದ ಮೇಲೆ ಬಾಡಿಗೆ ಹಾಕುವವರು ಖಾಲಿ ಲಾರಿಯನ್ನು ಮೊದಲು ತೂಗುತ್ತಾರೆ, ಸಾಮಾನು ತುಂಬಿದ ಮೇಲೆ ಇನ್ನೊಂದು ಸಲ. ಎರಡರ ನಡುವಿನ ವ್ಯತ್ಯಾಸವೇ ಸಾಮಾನಿನ ತೂಕ. ಖಾಲಿ ಲಾರಿಯನ್ನು ತೂಗುವ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹದಿನೈದು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ಹೋದರು. ಕೆಲಸ ಹೇಗೆ ಮಾಡಬೇಕು ಅಂತ ನೋಡಿ ಕಲೀಲಿ ಎಂದರು. ಅಲ್ಲಿ ಕಂಪನಿಯ ಬೊಕ್ಕತಲೆಯ ಮ್ಯಾನೇಜರು ಓಡಿ ಬಂದು ಅವರ ಎರಡೂ ಕೈ ಹಿಡಿದುಕೊಂಡ. ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಹುಡುಗಿಯನ್ನು ನೋಡಿ ನಕ್ಕ. ಮಾವ ಲಾರಿಯ ಹಿಂದಿನ ಚಕ್ರದ ಕಡೆ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. ಆಮೇಲೆ ಚೀಟಿಗೆ ಸಹಿ ಹಾಕಿದರು.

“ಎಲ್ಲ ಸರಿ ಇತ್ತಾ ಮಾವ?” ಎಂದು ಸೊಸೆ ಕೇಳಿದಳು.

“ನಾನೇ ಹೋಗಿದ್ದೆನಲ್ಲ,” ಎಂದರು ಮಾವ. ಅವತ್ತು ಊಟ ಅರ್ಧಕ್ಕೇ ಬಿಟ್ಟರು. ಊರು ಬಿಡುವ ಸಂಕಟ ಎಂದುಕೊಂಡರು ಎಲ್ಲರೂ.

ಹೊಸ ಊರಿನ ಮನೆ ಎರಡನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ರೈಲಿನಲ್ಲಿ ಬಂದಿಳಿದವರು ಉಟ್ಟ ಬಟ್ಟೆ, ಎರಡು ಚೀಲದೊಂದಿಗೆ ಅದರಲ್ಲಿ ಕೂತರು. ಲಾರಿ ನಾಳೆ ಬರುತ್ತದೆ ಎಂದರು. ನಾಳೆಯಾಯಿತು, ನಾಡಿದ್ದೂ ಆಯಿತು. ಐದನೆಯ ದಿನ ಕಂಪನಿಯವನೊಬ್ಬನ ಫೋನು ಬಂತು.

“ನಿಮ್ಮ ಸಾಮಾನು ನಮ್ಮ ಗೋದಾಮಿನಲ್ಲಿ ಭದ್ರವಾಗಿದೆ ಅಮ್ಮಾ. ಒಟ್ಟು ನಾಲ್ಕು ಸಾವಿರದ ಆರುನೂರು ಕಿಲೋ. ಅಡ್ವಾನ್ಸ್ ಕಳೆದು ಬಾಕಿ ಕಟ್ಟಿ, ತಗೊಂಡು ಹೋಗಿ.”

ಬಾಕಿ ಎಷ್ಟೆಂದೂ ಹೇಳಿದ. ಅವರೇ ಮೊದಲು ಹೇಳಿದ್ದ ಅಂದಾಜಿಗಿಂತ ಎರಡೂವರೆ ಪಟ್ಟು.

“ನಮ್ಮನೇಲಿ ಇರೋದು ಎರಡು ಮಂಚ, ಒಂದು ಬೀರು, ಒಂದು ಮೇಜು, ಮೂರು ಮಷೀನು, ಪಾತ್ರೆ ಪಡಗ. ನಾಲ್ಕೂವರೆ ಸಾವಿರ ಕಿಲೋ ಆಗೋಕೆ ನಾವೇನು ಗೋಡೆ ಕಿತ್ಕೊಂಡು ಬಂದಿದೀವಾ?”

“ಚೀಟಿ ಇದೆ, ಸಹಿ ಇದೆ. ಗೋದಾಮಿನ ಬಾಡಿಗೆ ದಿನಾ ಏರ್ತಾ ಇದೆ, ಅದನ್ನೂ ನೋಡ್ಕೊಳ್ಳಿ.” ಫೋನು ಇಟ್ಟ.

ಸೊಸೆ ಮಾವನ ಮುಖ ನೋಡಿದಳು. ಮಾವ ಕಿಟಕಿ ನೋಡಿದರು.

“ಎಲ್ಲೋ ಹೆಚ್ಚುಕಮ್ಮಿ ಆಗಿದೆ,” ಎಂದರು. “ನಾನು ಮಾತಾಡ್ತೀನಿ.”

ಮಾತಾಡಿದರು. ಅವರ ಮಾತಿಗೆ ಅಲ್ಲಿ ಯಾರೂ ಸೊಪ್ಪು ಹಾಕಲಿಲ್ಲ. ಮಗ ಅಪ್ಪನನ್ನು ಪೊಲೀಸ್ ಠಾಣೆಗೆ ಕರೆದೊಯ್ದ. ಅಧಿಕಾರಿ ಚಹಾ ಕುಡಿಯುತ್ತ ಚೀಟಿ ತಿರುಗಿಸಿ ನೋಡಿದ.

“ಸಹಿ ಯಾರದು?”

“ನನ್ನದೇ,” ಎಂದರು ಮಾವ.

“ಏನು ಕೆಲಸ ಮಾಡ್ತಿದ್ರಿ?”

“ವೇಬ್ರಿಡ್ಜ್‌ನಲ್ಲಿ ತೂಕದ ಗುಮಾಸ್ತ. ಮೂವತ್ಮೂರು ವರ್ಷ.”

ಅಧಿಕಾರಿ ನಕ್ಕ ರಭಸಕ್ಕೆ ಚಹಾ ಚೀಟಿಯ ಮೇಲೆ ಚೆಲ್ಲಿತು. “ಯಜಮಾನ್ರೇ, ನನಗೆ ಹೇಳಿದ್ದು ಹೇಳಿದ್ರಿ, ಇನ್ಯಾರ ಹತ್ರಾನೂ ಹೇಳ್ಬೇಡಿ,” ಎಂದ. ದೂರು ಬರೆದುಕೊಳ್ಳಲಿಲ್ಲ.

ನೆಲದ ಮೇಲೆ ದಿನಪತ್ರಿಕೆ ಹಾಸಿ ಮಲಗುವುದು ಶುರುವಾಯಿತು. ಒಂದು ಪಾತ್ರೆ, ಎರಡು ತಟ್ಟೆ ಕೊಂಡರು. ಐದು ಜನ ಸರದಿಯಲ್ಲಿ ಉಣ್ಣಬೇಕು. ಮೊದಲೆಲ್ಲ ಆ ಮನೆಯಲ್ಲಿ ಮೊದಲ ತಟ್ಟೆ ಮಾವನದು. ಈಗ ಸೊಸೆ ಮಗಳಿಗೆ ಬಡಿಸಿದಳು, ಗಂಡನಿಗೆ ಬಡಿಸಿದಳು, ಅತ್ತೆಗೆ ಬಡಿಸಿದಳು, ತಾನೂ ಉಂಡಳು. ತಟ್ಟೆ ತೊಳೆಯದೆ, ತನ್ನ ಎಂಜಲು ತಟ್ಟೆಯ ಪಕ್ಕದಲ್ಲಿ ಪಾತ್ರೆ ಇಟ್ಟು, “ಮಾವನಿಗೆ ಇಷ್ಟೇ ಉಳಿದಿದೆ” ಎಂದಳು. ಮಾವ ತಟ್ಟೆ ತಾವೇ ತೊಳೆದುಕೊಂಡು ಉಂಡರು. ಅತ್ತೆ ಅದನ್ನು ನೋಡಿಯೂ ಬಾಯಿಬಿಡಲಿಲ್ಲ. ಆ ವಯಸ್ಸಿನಲ್ಲಿ ಬರಿ ನೆಲದ ಮೇಲೆ ಮಲಗಿ ಸೊಂಟ ಹಿಡಿದಿತ್ತು. ಗಂಡನ ಮೇಲೆ ಅವರಿಗೂ ಸಿಟ್ಟಿತ್ತು.

ಒಂಬತ್ತನೆಯ ದಿನ ಸೊಸೆ, “ನೀವಿಬ್ಬರೂ ಹೋಗಿ ಕಿಸಿದ್ದು ಸಾಕು” ಎಂದು ಗಂಡನಿಗೆ ಹೇಳಿ, ಮಾವನನ್ನು ಜೊತೆ ಮಾಡಿಕೊಂಡು ತಾನೇ ಗೋದಾಮಿಗೆ ಹೋದಳು. ಊರಾಚೆ ತಗಡಿನ ಷೆಡ್ಡು. ಅಂಗಳದಲ್ಲೇ ಕಂಪನಿಯ ಸ್ವಂತ ವೇಬ್ರಿಡ್ಜ್. ಒಳಗೆ ಯಾರುಯಾರದೋ ಮಂಚ, ತೊಟ್ಟಿಲು, ಕನ್ನಡಿ ಒಂದರ ಮೇಲೊಂದು ಪೇರಿಸಿ ಇಟ್ಟಿದ್ದರು. ಮೂಲೆಯಲ್ಲಿ ತನ್ನ ಓವರ್‌ಲಾಕ್ ಮಷೀನು ಯಾರದೋ ಹಾಸಿಗೆಯ ಕೆಳಗೆ ಕಾಲು ಮೇಲಾಗಿ ಬಿದ್ದಿದ್ದು ಅವಳಿಗೆ ಕಂಡಿತು.

“ಅಣ್ಣಾ, ಆ ಮೂರು ಮಷೀನು ಕೊಡಿ ಸಾಕು,” ಎಂದಳು ಮ್ಯಾನೇಜರಿಗೆ. ಅದೇ ಬೊಕ್ಕತಲೆಯವನು, ಎರಡೂ ಊರಿನ ಕೆಲಸ ಅವನ ಕೈಯಲ್ಲೇ ಇತ್ತು. “ಮಂಚ, ಬೀರು ಎಲ್ಲ ಇಟ್ಕೊಳ್ಳಿ. ಹೊಲಿದು ದುಡಿದು ನಿಮ್ಮ ಬಾಕಿ ಕಟ್ತೀನಿ. ಕಾಲಿಗೆ ಬೀಳ್ತೀನಿ.”

“ಕಾಲಿಗೆಲ್ಲ ಯಾಕಮ್ಮಾ. ನಿಮ್ಮನ್ನ ಹಿಂಡಿದ್ರೂ ನಾಲ್ಕು ಕಾಸು ಬರಲ್ಲ ಅಂತ ನನಗೆ ಗೊತ್ತು,” ಎಂದ ಮ್ಯಾನೇಜರು, ಕುರ್ಚಿ ಎಳೆದು ಮಾವನಿಗೆ ಕೊಟ್ಟ. ಅವಳಿಗೆ ಕೊಡಲಿಲ್ಲ. “ಕೂತ್ಕೊಳ್ಳಿ ಗುರುಗಳೇ.”

“ಯಾವ ಗುರು?” ಎಂದಳು ಸೊಸೆ.

“ಇವರು ಹೇಳಿಲ್ವಾ? ನಾನು ಮೊದಲು ಲಾರಿ ಡ್ರೈವರು. ಖಾಲಿ ಗಾಡಿ ತೂಗುವಾಗ ಹಿಂದಿನ ಒಂದು ಚಕ್ರ ಹಾಸಿನಿಂದ ಆಚೆ ನಿಲ್ಲಿಸಿದ್ರೆ ಖಾಲಿ ತೂಕ ಕಮ್ಮಿ ಬರುತ್ತೆ, ಆಮೇಲೆ ಮಾಲಿನ ತೂಕ ಜಾಸ್ತಿ ತೋರಿಸುತ್ತೆ. ಒಂದಕ್ಕೆ ಎರಡು. ಈ ವಿದ್ಯೆ ಕಲಿಸಿದ್ದೇ ಇವರು. ಗಾಡಿಗೆ ಇಷ್ಟು ಅಂತ ಕೈ ಬಿಸಿ ಮಾಡ್ತಿದ್ವಿ. ನಾನೊಬ್ಬನೇ ಅಲ್ಲ, ಆ ರಸ್ತೆಯ ಡ್ರೈವರುಗಳೆಲ್ಲ.” ಅವನ ದನಿಯಲ್ಲಿ ಸ್ವಲ್ಪವೂ ಕಹಿ ಇರಲಿಲ್ಲ. “ಅವತ್ತೂ ಚಕ್ರ ನೋಡಿದ್ರು. ನಾನು ಕಿವೀಲಿ ಹೇಳ್ದೆ, ಗುರುಗಳೇ, ಮೊಮ್ಮಗಳಿಗೆ ಹಳೇ ಕಥೆ ಹೇಳ್ಲಾ, ಸಹಿ ಹಾಕ್ತೀರಾ ಅಂತ. ಸಹಿ ಹಾಕಿದ್ರು.”

ಸೊಸೆ ಮಾವನನ್ನು ನೋಡಿದಳು. ಅವರು ಅಲ್ಲ ಎನ್ನಲಿಲ್ಲ.

ಮ್ಯಾನೇಜರಿನ ಬೇಡಿಕೆ ಸರಳವಾಗಿತ್ತು. ಎಳೆಯ ಹುಡುಗರು ತೂಗಲು ಕೂತರೆ ಗಿರಾಕಿಗಳಿಗೆ ಅನುಮಾನ. ಬಿಳಿ ಕೂದಲು, ದಪ್ಪ ಕನ್ನಡಕದ ಹಿರಿಯರೊಬ್ಬರು ಕೂತರೆ ಯಾರೂ ಇಣುಕಿ ನೋಡುವುದಿಲ್ಲ. ಬಾಕಿಯ ಬದಲು ಮಾವ ಒಂದು ತಿಂಗಳು ಬಂದು ಆ ಕುರ್ಚಿಯಲ್ಲಿ ಕೂರಬೇಕು. ಸಾಮಾನನ್ನು ವಾರವಾರ ಸ್ವಲ್ಪಸ್ವಲ್ಪವಾಗಿ ಬಿಡುತ್ತಾನೆ. ಮಷೀನುಗಳು ಒಂದೊಂದಾಗಿ, ಓವರ್‌ಲಾಕ್ ಮಾತ್ರ ಕೊನೆಯ ಶನಿವಾರ.

“ನನ್ನಿಂದಾಗಲ್ಲ,” ಎಂದರು ಮಾವ.

“ಬರ್ತಾರೆ,” ಎಂದಳು ಸೊಸೆ. “ಸೋಮವಾರದಿಂದ ಬರ್ತಾರೆ.”

ಅವತ್ತು ಸಂಜೆ ಮನೆಯಲ್ಲಿ ಆದ ಜಗಳವನ್ನು ಕೆಳಗಿನ ಮಹಡಿಯವರು ಬಾಗಿಲು ತೆರೆದಿಟ್ಟು ಕೇಳಿದರು.

“ಐವತ್ತು ಗ್ರಾಂ ಈರುಳ್ಳಿಗೆ ನನ್ನನ್ನ ಬೀದಿ ಸುತ್ತಿಸಿದ್ರಲ್ಲ ಮಾವ!” ಎಂದಳು ಸೊಸೆ. “ಆ ಅಂಗಡಿಯವನ ಹತ್ರ ಎಷ್ಟು ಸಲ ಉಗಿಸ್ಕೊಂಡಿದೀನಿ ಗೊತ್ತಾ? ಅವನು ಪಾಪ, ಬರೀ ಐವತ್ತು ಗ್ರಾಂ ಕಳ್ಳ.”

“ದನಿ ತಗ್ಗಿಸು,” ಎಂದರು ಅತ್ತೆ.

“ನಿಮಗೂ ಗೊತ್ತಿತ್ತು ಅತ್ತೆ. ಗೊತ್ತಿರಲಿಲ್ಲ ಅನ್ನಿ ನೋಡೋಣ.”

“ಗೊತ್ತಿತ್ತು ಕಣೇ. ಅದೇ ದುಡ್ಡಲ್ಲಿ ನಿನ್ನ ಗಂಡ ಓದಿದ್ದು. ಅದೇ ದುಡ್ಡಲ್ಲಿ ನಿನ್ನ ಮೊದಲನೇ ಮಷೀನು ಬಂದಿದ್ದು. ಆಗ ಎಲ್ಲಿಂದ ಬಂತು ಅಂತ ಕೇಳಿದ್ಯಾ? ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದೆ!”

ಮಗ ಅಲ್ಲಿಯವರೆಗೆ ಗೋಡೆಗೊರಗಿ ಕೂತಿದ್ದ. ಈಗ ಎದ್ದು ನಿಂತ.

“ಅಪ್ಪ, ಏಳನೇ ಕ್ಲಾಸಲ್ಲಿ ನಾನು ಪಕ್ಕದವನದು ನೋಡಿ ಬರೆದೆ ಅಂತ ಬೆಲ್ಟ್ ತಗೊಂಡು ಹೊಡೆದ್ರಿ. ಬೆನ್ನಲ್ಲಿ ಇನ್ನೂ ಗುರುತಿದೆ. ಅವತ್ತು ಎಷ್ಟು ಗಾಡಿ ತೂಗಿ ಬಂದಿದ್ರಿ?”

ಮಾವ ಕನ್ನಡಕ ತೆಗೆದು ಒರೆಸತೊಡಗಿದರು.

“ಹೇಳಿ ತಾತ,” ಎಂದಳು ಮೊಮ್ಮಗಳು. “ಅಪ್ಪ ಕೇಳ್ತಿದಾರಲ್ಲ.”

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬರೀ ಕುತೂಹಲ. ಮಾವ ಅವಳೊಬ್ಬಳೆದುರಿಗೆ ಮರ್ಯಾದೆ ಉಳಿಸಿಕೊಳ್ಳಲು ಆ ಸಹಿ ಹಾಕಿದ್ದರು. ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂತುಬಿಟ್ಟರು. ಸೋಮವಾರ ಬೆಳಿಗ್ಗೆ ಹಳೆಯ ಅಂಗಿ ತೊಟ್ಟು ಗೋದಾಮಿಗೆ ಹೋದರು.

ಮೊದಲ ವಾರದ ಕೊನೆಗೆ ಪಾತ್ರೆಗಳೂ ಒಂದು ಮಂಚವೂ ಬಂದವು. ಮಂಚ ಗಂಡ ಹೆಂಡತಿಯ ಕೋಣೆಗೆ ಹೋಯಿತು. ಅತ್ತೆ ತಮ್ಮ ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನೋಡಿದರು. “ಹಗಲೆಲ್ಲ ಬಟ್ಟೆ ಕತ್ತರಿಸೋಳು ನಾನು ಅತ್ತೆ. ನಿಮಗೇನು ಕೆಲಸ, ಕೆಳಗೆ ಮಲ್ಕೊಳ್ಳಿ” ಎಂದಳು ಸೊಸೆ. ಎರಡನೆಯ ವಾರ ಒಂದು ಹೊಲಿಗೆ ಮಷೀನು ಬಂತು. ಅದು ಬಂದ ದಿನ ಮಾವನಿಗೆ ಮೊದಲ ತಟ್ಟೆ ಬಂತು, ತಟ್ಟೆಯಲ್ಲಿ ಒಂದು ಮೊಟ್ಟೆಯೂ ಇತ್ತು. ಉಳಿದವರಿಗೆ ಮೊಟ್ಟೆ ಇರಲಿಲ್ಲ. ಮಾವ ಅದನ್ನು ಮೊಮ್ಮಗಳ ತಟ್ಟೆಗೆ ಹಾಕಲು ಹೋದರು.

“ನೀವೇ ತಿನ್ನಿ,” ಎಂದಳು ಸೊಸೆ. “ನಾಳೆ ಕೆಲಸಕ್ಕೆ ಹೋಗೋರು ನೀವು.”

ಎತ್ತಿಗೆ ಹಿಂಡಿ ಇಟ್ಟ ಹಾಗಿತ್ತು ಆ ಉಪಚಾರ. ಬೆಳಿಗ್ಗೆ ಡಬ್ಬಿ ಕಟ್ಟಿಕೊಡುವಳು, ಬಾಗಿಲವರೆಗೆ ಬರುವಳು. ಸಂಜೆ ಬಂದ ಕೂಡಲೇ ಒಂದೇ ಪ್ರಶ್ನೆ: “ಇವತ್ತು ಎಷ್ಟು ಗಾಡಿ ಆಯ್ತು?” ಮಗನಿಗೆ ಎಲ್ಲೂ ಕೆಲಸ ಸಿಗಲಿಲ್ಲ, ಅವನು ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚುತ್ತ ಕೂತಿರುತ್ತಿದ್ದ, ಅಪ್ಪ ಬಂದರೆ ತಲೆ ಎತ್ತುತ್ತಿರಲಿಲ್ಲ.

ಮೂರನೆಯ ವಾರ ಒಂದು ಸಂಜೆ ಮಾವ ಡಬ್ಬಿ ಹಾಗೇ ವಾಪಸು ತಂದರು.

“ಯಾಕೆ, ಉಪ್ಪು ಜಾಸ್ತಿ ಆಗಿತ್ತಾ?”

“ಇವತ್ತೊಬ್ಬಳು ಬಿಲ್ಲು ಕೇಳಿ ಅಂಗಳದಲ್ಲೇ ಕುಸಿದು ಕೂತಳು. ಅತ್ತಳು. ಚಿಕ್ಕ ಮಕ್ಕಳು ಜೊತೇಲಿ.”

“ನಾನೂ ಅತ್ತಿದ್ದೆ ಮಾವ. ಯಾರು ಊಟ ಬಿಟ್ರು?” ಡಬ್ಬಿ ತೆರೆದು ನೋಡಿ, ಅದನ್ನೇ ತಟ್ಟೆಗೆ ಸುರಿದು ಅವರ ಮುಂದಿಟ್ಟಳು. “ಇನ್ನೊಂದು ವಾರ. ಆ ಓವರ್‌ಲಾಕ್ ಒಂದು ಬರಲಿ. ಆಮೇಲೆ ನೀವು ಯಾರಿಗೆ ಬೇಕಾದ್ರೂ ಮರುಗಿ.”

ಎರಡನೆಯ ಹೊಲಿಗೆ ಮಷೀನೂ ಕತ್ತರಿಸುವ ಮೇಜೂ ಬಂದವು. ನೂರಿಪ್ಪತ್ತು ಜೊತೆ ಹೊಲಿದು ಮುಗಿಯಿತು. ಮನೆಯ ತುಂಬ ನೀಲಿ ಬಟ್ಟೆಯ ರಾಶಿ, ಪ್ರತಿಯೊಂದರ ಒಳಗೂ ಅಂಚು ಎಳೆ ಬಿಚ್ಚಿಕೊಂಡು ಜೋಲುತ್ತಿತ್ತು. ಹೊರಗೆ ಓವರ್‌ಲಾಕ್ ಹಾಕಿಸಲು ಸೊಸೆ ಊರೆಲ್ಲ ಅಲೆದಳು. ಶಾಲೆಗಳು ತೆರೆಯುವ ಸಮಯ; ಹದಿನೈದು ದಿನ ಯಾರಿಗೂ ಬಿಡುವಿರಲಿಲ್ಲ. ಗಡುವಿಗೆ ನಾಲ್ಕು ದಿನ ಉಳಿದಾಗ ಮಾವನ ಕೊನೆಯ ಶನಿವಾರ ಬಂತು. ಅವತ್ತು ಸೊಸೆ ಸಂಜೆಯವರೆಗೆ ಕಾಯಲಿಲ್ಲ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇರಲು, ಒಂದು ಸಣ್ಣ ಟೆಂಪೋ ಮಾಡಿಕೊಂಡು ಮಧ್ಯಾಹ್ನವೇ ಗೋದಾಮಿಗೆ ಹೋದಳು.

ಮ್ಯಾನೇಜರು ಮಾತಿಗೆ ತಪ್ಪಲಿಲ್ಲ. ಓವರ್‌ಲಾಕ್ ಹೊರಗೆ ಬಂತು, ಟೆಂಪೋದ ಮೇಲೆ ಏರಿತು. ಸೊಸೆ ಸೆರಗಿನಿಂದ ಅದರ ಧೂಳು ಒರೆಸಿದಳು.

“ಇನ್ನೊಂದೇ ಗಾಡಿ,” ಎಂದ ಮ್ಯಾನೇಜರು. “ಅದನ್ನು ತೂಗಿಬಿಟ್ರೆ ಗುರುಗಳನ್ನೂ ಕೂರಿಸ್ಕೊಂಡು ಹೊರಡಿ.”

ಖಾಲಿ ಲಾರಿ ಹಾಸಿನ ಮೇಲೆ ನಿಂತಿತು. ಹಿಂದಿನ ಒಂದು ಚಕ್ರ ಸಿಮೆಂಟಿನ ಮೇಲೆ. ಗಿರಾಕಿಗಳು ಒಬ್ಬ ಗಡಿಯಾರ ರಿಪೇರಿಯವನು, ಅವನ ತುಂಬು ಬಸುರಿ ಹೆಂಡತಿ. ಬೇರೆ ಊರಲ್ಲಿ ಅಂಗಡಿ ಸಿಕ್ಕಿದೆ, ಹೆರಿಗೆಗೆ ಮುಂಚೆ ಹೋಗಿ ಸೇರಬೇಕು ಎಂದು ಅವರಿಬ್ಬರೂ ಎಲ್ಲರಿಗೂ ಹೇಳುತ್ತಿದ್ದರು. ಗಂಡ ಲಾರಿಯ ಹತ್ತಿರ ಹೋಗಿ ನೋಡೋಣ ಎಂದ.

“ಹಿರಿಯರು ಕೂತಿದಾರಲ್ಲ ರೀ,” ಎಂದಳು ಹೆಂಡತಿ. “ಸುಮ್ನೆ ಬನ್ನಿ.”

ಮಾವ ಅಂಕಿ ಓದಿ ಹೇಳಬೇಕಿತ್ತು. ಚೀಟಿಯ ಮೇಲೆ ಪೆನ್ನು ಇಟ್ಟಿದ್ದರು. ತಲೆ ಎತ್ತಿ ಆ ಬಸುರಿಯನ್ನು ನೋಡಿದರು.

“ಗಾಡಿ ಮುಂದೆ ತಗೋ,” ಎಂದರು ಡ್ರೈವರಿಗೆ. ಡ್ರೈವರಿಗೆ ಅರ್ಥವಾಗಲಿಲ್ಲ. “ಹಿಂದಿನ ಚಕ್ರ ಹಾಸಿನ ಮೇಲಿಲ್ಲ. ಹೀಗೆ ತೂಗಿದ್ರೆ ನೀವು ಮೋಸ ಹೋಗ್ತೀರಿ ಕಣಮ್ಮಾ. ಸಹಿ ಹಾಕಬೇಡಿ.”

ಮ್ಯಾನೇಜರು ಕೂಗಾಡಲಿಲ್ಲ. ಟೆಂಪೋದ ಪಕ್ಕದಲ್ಲಿದ್ದ ಇಬ್ಬರು ಹಮಾಲರಿಗೆ ಕಣ್ಣಿನಲ್ಲೇ ಹೇಳಿದ. ಅವರು ಓವರ್‌ಲಾಕ್ ಮಷೀನಿಗೆ ಕೈ ಹಾಕಿದರು, ಎತ್ತಿದರು, ಕೆಳಗಿಳಿಸತೊಡಗಿದರು.

ಆಗ ಸೊಸೆ ನಕ್ಕಳು. ಜೋರಾಗಿ, ಮನೆಯವರ ಮುಂದೆ ನಗುವ ಹಾಗೆ.

“ಅಯ್ಯೋ, ಅವರ ಮಾತು ಕೇಳಬೇಡಿ!” ಎನ್ನುತ್ತ ಬಸುರಿಯ ಹತ್ತಿರ ಹೋಗಿ ಕೈ ಹಿಡಿದುಕೊಂಡಳು. “ನಮ್ಮ ಮಾವ. ಕಣ್ಣು ಮಂಜು, ತಲೇನೂ ಆಗಾಗ ಹೀಗೆ ತಪ್ಪುತ್ತೆ. ಇವತ್ತೇ ಕೊನೆ ದಿನ, ಕರ್ಕೊಂಡು ಹೋಗೋಕೇ ಬಂದಿದೀನಿ. ಚಕ್ರ ಎಲ್ಲ ಸರಿಯಾಗೇ ಇದೆ, ನಾನೀಗ ನೋಡ್ಕೊಂಡೇ ಬಂದೆ.”

ಹೆಂಡತಿ ಮಾವನನ್ನೂ ಇವಳನ್ನೂ ನೋಡಿದಳು. “ನೀವು ಕಂಪನಿಯವರಾ?”

“ನಾನೆಲ್ಲಿ ಕಂಪನಿಯವಳು? ನಿಮ್ಮ ಹಾಗೇ ಗಿರಾಕಿ. ಬಟ್ಟೆ ಹೊಲಿಯೋಳು.” ಟೇಪು ಎತ್ತಿ ತೋರಿಸಿದಳು. “ಎರಡು ದಿನದ ದಾರಿ, ಇಡೀ ಮನೆ ಇವರ ಕೈಯಲ್ಲೇ ತರಿಸಿದ್ವಿ. ಒಂದು ಚಮಚ ಕೂಡ ಕಮ್ಮಿ ಆಗಿಲ್ಲ. ಎಷ್ಟು ತಿಂಗಳು?”

“ಎಂಟು.”

“ಹಾಗಾದ್ರೆ ನಿಂತ್ಕೋಬೇಡಿ ತಾಯಿ. ಬೇಗ ಸಹಿ ಹಾಕಿ ಹೋಗಿ ಕೂತ್ಕೊಳ್ಳಿ.”

ಗಡಿಯಾರದವನು ಸಹಿ ಹಾಕಿದ. ಮಾವ ಕುರ್ಚಿಯಿಂದ ಏಳಲು ಹೋದರು. ಸೊಸೆ ಅವರ ಹೆಗಲ ಮೇಲೆ ಕೈಯಿಟ್ಟು ಅದುಮಿ ಕೂರಿಸಿದಳು. ನೋಡಿದವರಿಗೆ ಅದು ಪ್ರೀತಿಯ ಹಾಗೆ ಕಂಡಿತು. ಹೋಗುವಾಗ ಬಸುರಿ ಇವಳಿಗೆ ಎರಡು ಸಲ ಥ್ಯಾಂಕ್ಸ್ ಹೇಳಿದಳು.

ಓವರ್‌ಲಾಕ್ ಮತ್ತೆ ಟೆಂಪೋ ಏರಿತು. ಮ್ಯಾನೇಜರು ತಾನೇ ಹಗ್ಗ ಬಿಗಿದ.

“ಗುರುಗಳಿಗೆ ವಯಸ್ಸಾಯ್ತು,” ಎಂದ. “ಅವರು ಇನ್ನು ಬರೋದು ಬೇಡ. ಆದ್ರೆ ನೀವು ಚೆನ್ನಾಗಿ ಮಾತಾಡ್ತೀರಿ ಅಮ್ಮಾ. ಕೆಲವು ಗಿರಾಕಿಗಳು ಹಳಬರ ನಂಬರು ಕೊಡಿ, ವಿಚಾರಿಸ್ತೀವಿ ಅಂತಾರೆ. ನಿಮ್ಮದು ಕೊಡ್ತೀನಿ. ಈಗ ಹೇಳಿದ್ದನ್ನೇ ಹೇಳಿ, ಜಾಸ್ತಿ ಬೇಡ. ನಿಮ್ಮ ಬಿಲ್ಲು ನನ್ನ ಹತ್ರಾನೇ ಇರುತ್ತೆ. ನೀವು ಹೇಳ್ತಿರೋವರೆಗೆ ನಾನು ಅದನ್ನ ತೆಗೆಯಲ್ಲ.”

ಅವಳು ನಂಬರು ಕೊಟ್ಟಳು.

ಮನೆಯಲ್ಲಿ ಮಷೀನು ಒಳಗಿಟ್ಟ ತಕ್ಷಣ ಎಣ್ಣೆ ಬಿಟ್ಟು, ದಾರ ಪೋಣಿಸಿ ಕೂತಳು. ಗಂಡ ಅಂಗಿಗಳನ್ನು ಒಂದೊಂದಾಗಿ ಎತ್ತಿಕೊಟ್ಟ. ಮಾವ ನೆಲದ ಮೇಲೆ ಕೂತಿದ್ದರು.

“ಯಾಕೆ ಹೇಳಿದ್ರಿ?” ಎಂದು ಕೇಳಿದಳು, ತಲೆ ಎತ್ತದೆ. “ಮೂವತ್ಮೂರು ವರ್ಷ ಬೇರೆಯವರ ಮನೆ ಮುಳುಗಿಸಿದ್ರಿ. ಇನ್ನೊಂದೇ ಗಾಡಿ. ನನಗೋಸ್ಕರ ಅದೊಂದು ಆಗಲಿಲ್ವಾ?”

“ಗೊತ್ತಿಲ್ಲಮ್ಮಾ. ಬಾಯಿಗೆ ಬಂತು.” ಮಾವ ಅವಳ ಕಡೆ ತಿರುಗಿದರು. “ನೀನು ಯಾಕೆ ಹೇಳಿದೆ?”

“ನನಗೆ ಗೊತ್ತು,” ಎಂದಳು. ಮಷೀನು ಓಡಿಸಿದಳು.

ನಾಲ್ಕನೆಯ ದಿನ ನೂರಿಪ್ಪತ್ತು ಜೊತೆ ಆಸ್ಪತ್ರೆಗೆ ಹೋದವು. ಉಗ್ರಾಣದ ಅಧಿಕಾರಿ ಬಟ್ಟೆಯ ಒಳಗು ಹೊರಗು ಮಾಡಿ, ಅಂಚು ಎಳೆದು ನೋಡಿ, ಇಷ್ಟು ನೀಟಾಗಿ ಯಾರೂ ಮಾಡಿರಲಿಲ್ಲ ಎಂದು ಹೊಗಳಿದ. ಮೂರು ವರ್ಷದ ಕೆಲಸ ಕೈಗೆ ಬಂತು. ಟೆಂಪೋದಲ್ಲಿ ಹಿಡಿಸದೆ ಉಳಿದಿದ್ದ ಬೀರುವೂ ಎರಡನೆಯ ಮಂಚವೂ ಬಂದವು. ಅತ್ತೆ ಮಂಚದ ಮೇಲೆ ಮಲಗಿದರು, ಮಾವ ಕೆಳಗೇ ಮಲಗುತ್ತೇನೆ ಎಂದರು. ಯಾರೂ ಬಲವಂತ ಮಾಡಲಿಲ್ಲ. ಊಟಕ್ಕೆ ಈಗ ಎಲ್ಲರಿಗೂ ತಟ್ಟೆ ಇತ್ತು. ತರಕಾರಿ ತಂದಾಗ ಅದನ್ನು ಯಾರೂ ಅಂಗೈಯಲ್ಲಿ ಎತ್ತಿ ನೋಡುತ್ತಿರಲಿಲ್ಲ.

ಫೋನುಗಳು ಬರತೊಡಗಿದವು. ವಾರಕ್ಕೆ ಎರಡು, ಕೆಲವು ವಾರ ಮೂರು. ಮೊದಮೊದಲು ಸೊಸೆ ಫೋನು ಹಿಡಿದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಬಾಗಿಲು ಹಾಕುವುದನ್ನು ಬಿಟ್ಟಳು. ಆಮೇಲೆ ಮಷೀನಿನ ಮುಂದಿನಿಂದ ಏಳುವುದನ್ನೂ 
ಬಿಟ್ಟಳು.

ಒಂದು ಬೆಳಿಗ್ಗೆ ಅವಳ ಎರಡೂ ಕೈ ಬಟ್ಟೆಯ ಕೆಳಗಿದ್ದಾಗ ಫೋನು ಬಡಿದುಕೊಂಡಿತು. ಶಾಲೆಗೆ ಹೊರಟಿದ್ದ ಮಗಳು ಎತ್ತಿಕೊಂಡಳು. ಯಾರೆಂದು ಕೇಳಿ, ಒಂದು ಕ್ಷಣ ಕೇಳಿಸಿಕೊಂಡು, ಜಡೆಗೆ ರಿಬ್ಬನ್ನು ಕಟ್ಟಿಕೊಳ್ಳುತ್ತಲೇ ಮಾತಾಡಿದಳು.

“ಹೂಂ ಆಂಟಿ, ನಾವೂ ಅವರ ಹತ್ರಾನೇ ತರಿಸಿದ್ದು. ತುಂಬ ಒಳ್ಳೆಯವರು. ತೂಕ ಎಲ್ಲ ಕಣ್ಣೆದುರಿಗೇ ಮಾಡ್ತಾರೆ. ನಮ್ಮ ತಾತಾನೇ ನಿಂತು ನೋಡಿದಾರೆ, ಅವರು ವೇಬ್ರಿಡ್ಜ್‌ನಲ್ಲಿ ಮೂವತ್ಮೂರು ವರ್ಷ ಇದ್ದೋರು. ಧೈರ್ಯವಾಗಿ ಕೊಡಿ.”

ತಾತನ ವಿಚಾರ ಸೊಸೆ ಯಾವತ್ತೂ ಹೇಳಿರಲಿಲ್ಲ. ಅದು ಹುಡುಗಿಯೇ ಸೇರಿಸಿದ್ದು. ಮಷೀನು ನಿಂತಿತು. ಗೋಡೆಯ ಪಕ್ಕ ಚಹಾ ಕುಡಿಯುತ್ತಿದ್ದ ಮಾವ ಲೋಟ ಕೆಳಗಿಟ್ಟರು.

“ಯಾರೋ ಟೀಚರಂತೆ,” ಎಂದಳು ಮಗಳು, ಫೋನು ಮೇಜಿನ ಮೇಲಿಟ್ಟು. “ಅವರಮ್ಮನಿಗೆ ಪಾರ್ಶ್ವವಾಯುವಂತೆ, ಆಸ್ಪತ್ರೆ ಮಂಚಾನೂ ಸಾಗಿಸಬೇಕಂತೆ. ಬುಧವಾರ ಗಾಡಿ ಹೇಳ್ತಾರಂತೆ. ಸರಿಯಾಗಿ ಹೇಳಿದ್ನಾ ಅಮ್ಮಾ?”

ಸೊಸೆ ಮಗಳ ಮುಖ ನೋಡಿದಳು. ಪಕ್ಕದಲ್ಲಿ ಎರಡನೆಯ ಕಂತಿನ ನೀಲಿ ಬಟ್ಟೆ ಸೊಂಟದೆತ್ತರಕ್ಕೆ ರಾಶಿ ಬಿದ್ದಿತ್ತು.

“ಸರಿಯಾಗಿ ಹೇಳಿದೆ,” ಎಂದಳು. “ಆ ಕತ್ತರಿ ಇತ್ತ ಕೊಟ್ಟು ಹೋಗು. ಸ್ಕೂಲಿಗೆ ಹೊತ್ತಾಯ್ತು.”